ದಾಬಸ್‌ಪೇಟೆಯಿಂದ ಭಿವಂಡಿಗೆ: ಸಿಟ್ಟು ಎಲ್ಲಿ ಲೋಡಾಗುತ್ತದೆ, ಎಲ್ಲಿ ಇಳಿಸಬೇಕು

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾಬಸ್‌ಪೇಟೆಯ ಗೋಡೌನಿನಿಂದ ಮುಂಬೈ ಪಕ್ಕದ ಭಿವಂಡಿಯ ಗೋಡೌನಿಗೆ ಸುಮಾರು 950 ಕಿ.ಮೀ. ಗಾಡಿ ಹತ್ತು ಚಕ್ರದ ಲಾರಿ, ಕ್ಲೋಸ್ಡ್ ಬಾಡಿ. ಸರಕು ಡಬ್ಬಗಳಲ್ಲಿ ಪ್ಯಾಕ್ ಆದ ದಿನಸಿ. ಜನ ಇಬ್ಬರು, ಡ್ರೈವರ್ ಮತ್ತು ಕ್ಲೀನರ್. ಈ ಲೈನಿನಲ್ಲಿ ಓಡುವವರಿಗೆಲ್ಲ ಗೊತ್ತಿರುವ ಮಾಮೂಲಿ ಟ್ರಿಪ್ಪು. ಇದರಲ್ಲಿ ಡ್ರೈವರಿಗೆ ಸಿಟ್ಟು ಬರುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವವೇ. ಸಿಟ್ಟು ಹೊರಬೀಳುವುದು ರಸ್ತೆಯಲ್ಲಿ. ಅದು ತುಂಬಿಕೊಳ್ಳುವುದು ಮಾತ್ರ ಬಹುಪಾಲು ಗಾಡಿ ನಿಂತಾಗ: ಗೇಟಿನ ಮುಂದೆ, ಹಸಿದ ಹೊಟ್ಟೆಯಲ್ಲಿ, ಅರೆನಿದ್ದೆಯಲ್ಲಿ, ಫೋನಿನಲ್ಲಿ. ಹಾಗಾಗಿ ಈ ಕಥನದಲ್ಲಿ ಗಾಡಿ ಓಡಿದ್ದಕ್ಕಿಂತ ನಿಂತದ್ದರ ಮಾತೇ ಜಾಸ್ತಿ.

ಮೊದಲ ದಿನ: ದಾಬಸ್‌ಪೇಟೆ – ಶಿರಾ, 70 ಕಿ.ಮೀ.

ಲಾರಿ ಗೋಡೌನಿನ ಗೇಟಿಗೆ ಬರುವುದು ಬೆಳಿಗ್ಗೆ 9ಕ್ಕೆ. ಸರಕು ತುಂಬುವ ಕಟ್ಟೆ, ಅಂದರೆ ಡಾಕ್ ಸಿಗುವುದು ಮಧ್ಯಾಹ್ನ 3ಕ್ಕೆ. ಸೀಲ್ ಬಿದ್ದು, ಕಾಗದ ಕೈಗೆ ಬಂದು ಗೇಟು ದಾಟುವಾಗ ಸಂಜೆ 6:30. ಇದರಲ್ಲಿ ಆಶ್ಚರ್ಯವೇನಿಲ್ಲ, ಹೀಗೇ ಆಗುವುದು. ಆಶ್ಚರ್ಯವಿಲ್ಲದ ವಿಷಯಕ್ಕೆ ತಯಾರಿ ಇಲ್ಲದೆ ಬರುವುದರಿಂದಲೇ ಸಿಟ್ಟಿನ ಮೊದಲ ಮೂಟೆ ಹತ್ತುತ್ತದೆ.

ಗೇಟಿಗೆ ಬಂದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಸಮಯವನ್ನು ಬರಹಕ್ಕೆ ಇಳಿಸುವುದು. ಸೆಕ್ಯೂರಿಟಿ ರಿಜಿಸ್ಟರಿನಲ್ಲಿ ನಮೂದಾದ ಹೊತ್ತಿನ ಫೋಟೊ ತೆಗೆದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ವಾಟ್ಸ್ಆ್ಯಪ್ ಮಾಡಬೇಕು. "9:10ಕ್ಕೆ ಗೇಟು, ಡಾಕ್ ನಂಬರ್ ಕೊಟ್ಟಿಲ್ಲ" ಎಂದಷ್ಟೇ ಬರೆದರೆ ಸಾಕು. ಬೈಗುಳ ಬೇಡ, ಗೋಳೂ ಬೇಡ. ಮುಂದೆ ಹಾಲ್ಟಿಂಗ್ ಚಾರ್ಜ್ (ಕಾಯಿಸಿದ್ದಕ್ಕೆ ಕೊಡುವ ಹಣ) ಕೇಳುವಾಗ ಈ ಫೋಟೊ ಇದ್ದರೆ ಜಗಳದ ಅಗತ್ಯವೇ ಬರುವುದಿಲ್ಲ. ಪುರಾವೆ ಇಲ್ಲದವನೇ ದನಿ ಏರಿಸಬೇಕಾಗುತ್ತದೆ. ಎರಡನೆಯ ಕೆಲಸ ಊಟ. ಡಾಕ್ ಯಾವಾಗ ಸಿಕ್ಕೀತೋ ಎಂದು ಕಾದು ಕೂತು, ಬರೀ ಟೀ, ಬೀಡಿಯಲ್ಲಿ ಮಧ್ಯಾಹ್ನ ಮಾಡಿಕೊಂಡರೆ ಸಂಜೆ ಹೊರಡುವಾಗ ತಲೆನೋವು ಜೊತೆಗೇ ಹೊರಡುತ್ತದೆ. ಮೂರನೆಯದು ನಿದ್ದೆ. ಕ್ಲೀನರ್ ಡಾಕ್ ಕರೆಯನ್ನು ಕಾಯಲಿ, ಡ್ರೈವರ್ ಕ್ಯಾಬಿನ್ನಿನಲ್ಲಿ ಒಂದೂವರೆ ತಾಸು ಮಲಗಲಿ. ಕಾಯುವ ಆರು ತಾಸಿನಲ್ಲಿ ಮೊಬೈಲ್ ನೋಡಿ ಕಳೆದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮಲಗಿ ಕಳೆದದ್ದು ರಾತ್ರಿಯ ಲೆಕ್ಕಕ್ಕೆ ಬರುತ್ತದೆ.

ಲೋಡ್ ಆಗುವಾಗ ಎದ್ದು ನಿಂತು ನೋಡಬೇಕು. ಡಬ್ಬದ ಎಣಿಕೆ, ಒದ್ದೆಯಾದ ಅಥವಾ ಜಜ್ಜಿದ ಡಬ್ಬಗಳ ಫೋಟೊ, ಸೀಲ್ ನಂಬರ್. ಆಮೇಲೆ ಎಲ್‌ಆರ್ (ಟ್ರಾನ್ಸ್‌ಪೋರ್ಟಿನವರು ಕೊಡುವ ಸರಕಿನ ರಸೀದಿ), ಇನ್‌ವಾಯ್ಸ್, ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ) ಮೂರರಲ್ಲೂ ಗಾಡಿ ನಂಬರ್ ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ಓದಬೇಕು. ಒಂದು ಅಂಕಿ ತಪ್ಪಿದ್ದರೆ ನಡುರಾತ್ರಿ ಯಾವುದೋ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ. ಆಗ ಬರುವ ಕೋಪಕ್ಕೆ ಎದುರಿಗೆ ಸಿಗುವವನು ತಪ್ಪು ಮಾಡಿದ ಗುಮಾಸ್ತನಲ್ಲ, ಇನ್ನ್ಯಾರೋ. ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ವಾಯಿದೆ. ಅಂದರೆ 950 ಕಿ.ಮೀ.ಗೆ 5 ದಿನ. ಗಾಡಿ ಕೆಟ್ಟು ತಡವಾದರೂ ವಾಯಿದೆ ಮುಗಿಯುವ 8 ತಾಸು ಮುಂಚಿನಿಂದ ಮುಗಿದ 8 ತಾಸಿನವರೆಗೆ ಅದನ್ನು ವಿಸ್ತರಿಸಬಹುದು. ಇದು ಗೊತ್ತಿಲ್ಲದ ಡ್ರೈವರ್ ಸುಮ್ಮನೆ ಓಡುತ್ತಾನೆ, ಸುಮ್ಮನೆ ಉರಿಯುತ್ತಾನೆ.

ತೂಕದ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. 2018ರಲ್ಲಿ ಆ್ಯಕ್ಸಲ್ ತೂಕದ ಮಿತಿ ಏರಿಸಿದ ಮೇಲೆ ಹತ್ತು ಚಕ್ರದ ಗಾಡಿ ಸರಕು ಸೇರಿ 28.5 ಟನ್ ತೂಗಬಹುದು. "ಇನ್ನೊಂದು ಟನ್ ಹಾಕ್ಕೊಂಡು ಹೋಗಪ್ಪಾ, ಏನಾಗಲ್ಲ" ಅನ್ನುವವರು ಎಲ್ಲ ಗೋಡೌನಿನಲ್ಲೂ ಇರುತ್ತಾರೆ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ದಂಡಕ್ಕಿಂತ ಕೆಟ್ಟದ್ದು ಆ ಭಾರ 900 ಚಿಲ್ಲರೆ ಕಿ.ಮೀ. ಉದ್ದಕ್ಕೂ ತಲೆಯ ಮೇಲೆ ಕೂತಿರುವುದು: ಪ್ರತಿ ಖಾಕಿ ಅಂಗಿ ಕಂಡಾಗ ಎದೆ ಬಡಿತ, ಪ್ರತಿ ಏರಿನಲ್ಲಿ ಗಾಡಿ ನರಳುವ ಸದ್ದು. ವೇಬ್ರಿಜ್ಜಿನ ತೂಕದ ಚೀಟಿ ನೋಡದೆ ಗೇಟು ದಾಟಬಾರದು. ಬೇಡ ಅನ್ನಬೇಕಾದ ಜಾಗ ಡಾಕ್. ಅಲ್ಲಿ ಬೇಡ ಅನ್ನದವನು ಹೆದ್ದಾರಿಯಲ್ಲಿ ಕಾರಿನವನ ಮೇಲೆ ಹರಿಹಾಯುತ್ತಾನೆ.

ಈಗ ಸಂಜೆ 6:30. ಹತ್ತು ತಾಸು ವ್ಯರ್ಥವಾಯಿತು ಅನ್ನುವ ಲೆಕ್ಕ ತಲೆಯಲ್ಲಿದೆ. ಅದನ್ನು ರಸ್ತೆಯಲ್ಲಿ ವಸೂಲಿ ಮಾಡಬೇಕು ಅನ್ನಿಸುತ್ತದೆ. ವಸೂಲಾಗುವುದೆಷ್ಟು? ಶಿರಾದವರೆಗಿನ 70 ಕಿ.ಮೀ.ಗೆ ಗಂಟೆಗೆ 60ರಲ್ಲಿ ಹೋದರೆ 70 ನಿಮಿಷ, 70ರಲ್ಲಿ ಹೋದರೆ 60 ನಿಮಿಷ. ಸಿಗುವುದು ಹತ್ತೇ ನಿಮಿಷ. ಅದೂ ತುಮಕೂರು ಕಡೆಯ ಸಂಜೆ ದಟ್ಟಣೆ ದಾರಿ ಬಿಟ್ಟರೆ. ಹತ್ತು ತಾಸಿನ ನಷ್ಟಕ್ಕೆ ಹತ್ತು ನಿಮಿಷದ ವಸೂಲಿ, ಅದಕ್ಕೆ ಕೊಡುವ ಬೆಲೆ ಹತ್ತಾರು ಸಲ ಗಟ್ಟಿ ಬ್ರೇಕು. ಆದ್ದರಿಂದ ಹೊರಡುವ ಮುಂಚೆ ಒಂದು ಸುತ್ತು. ಲಾರಿಯ ಸುತ್ತ ನಡೆದು ಹತ್ತೂ ಟೈರುಗಳನ್ನು ರಾಡಿನಿಂದ ಬಡಿದು ಸದ್ದು ಕೇಳಬೇಕು, ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಬಗ್ಗಿ ನೋಡಬೇಕು, ಲೈಟು, ರಿಫ್ಲೆಕ್ಟರ್ ಒರೆಸಬೇಕು. ಗಾಡಿಗೆ ಬೇಕಾದ ಕೆಲಸ ಇದು. ಇದಕ್ಕೆ ಹಿಡಿಯುವ ಏಳೆಂಟು ನಿಮಿಷದಲ್ಲಿ ಗುಮಾಸ್ತನ ಮುಖ ಕಣ್ಣಿನಿಂದ ಅರ್ಧ ಮಾಸಿರುತ್ತದೆ.

ರಾತ್ರಿ 8ರ ಹೊತ್ತಿಗೆ ಶಿರಾ ಬಳಿ ಡಾಬಾದಲ್ಲಿ ಗಾಡಿ ನಿಲ್ಲಿಸುವುದು. ಬೆಳಿಗ್ಗೆ 5ಕ್ಕೆ ಎದ್ದವನಿಗೆ ಇದು ಹದಿನೈದನೆಯ ತಾಸು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ, 5 ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸಿನ ವಿಶ್ರಾಂತಿ ಎನ್ನುತ್ತಿತ್ತು. ಓನರ್ ಇದನ್ನು ಓದಿರುವುದಿಲ್ಲ, ಓದಿದವನು ಒಪ್ಪುವುದಿಲ್ಲ. ಆದರೂ ಅದು ಬರೀ ಕಾನೂನಿನ ಮಾತಲ್ಲ, ದೇಹದ ಲೆಕ್ಕವೂ ಹೌದು. ನಿದ್ದೆಗೆಟ್ಟವನಿಗೆ ಸಣ್ಣದೂ ಅವಮಾನದಂತೆ ಕಾಣುತ್ತದೆ. ನಿದ್ದೆಗೆಂದು ಒಂದು ಕ್ವಾರ್ಟರ್ ಹಾಕುವವರಿದ್ದಾರೆ. ಕುಡಿದು ಬಂದ ನಿದ್ದೆ ನಡುರಾತ್ರಿ ಒಡೆಯುತ್ತದೆ, ಬೆಳಿಗ್ಗೆ ಬಾಯಿ ಒಣಗಿ, ತಲೆ ಭಾರವಾಗಿ ಮೊದಲ ಬೈಗುಳ ಕ್ಲೀನರಿಗೆ ಬೀಳುತ್ತದೆ. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ದಾಟಿದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ತಡರಾತ್ರಿ ಕುಡಿದದ್ದು ಬೆಳಿಗ್ಗೆ 5ಕ್ಕೆ ಪೂರ್ತಿ ಇಳಿದಿರುತ್ತದೆ ಎಂದು ನಂಬುವ ಹಾಗಿಲ್ಲ.

ಎರಡನೆಯ ದಿನ: ಶಿರಾ – ಕಿತ್ತೂರು, 340 ಕಿ.ಮೀ.

ಬೆಳಿಗ್ಗೆ 5:30ಕ್ಕೆ ಸ್ಟಾರ್ಟ್. ಏರ್ ಮೀಟರ್ ಪೂರ್ತಿ ಏರುವವರೆಗೆ ಕಾಯುವುದು, ಏರ್ ಟ್ಯಾಂಕಿನ ನೀರು ಬಿಡುವುದು, ಕನ್ನಡಿ ಸರಿಮಾಡಿಕೊಳ್ಳುವುದು. ಹಿರಿಯೂರು ದಾಟಿ ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವಾಗ ಬಿಸಿಲು ಇನ್ನೂ ಎಳೆಯದು. ಇಡೀ ಟ್ರಿಪ್ಪಿನಲ್ಲಿ ಮನಸ್ಸು ಹಗುರವಾಗಿರುವ ಹೊತ್ತು ಇದೇ. ಮಾತಾಡಬೇಕಾದ್ದನ್ನು ಇಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸಿಟ್ಟು ಏರುವಾಗ ಡ್ರೈವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಕೂತವನಿಗೆ ಮೊದಲೇ ಗೊತ್ತಾಗುತ್ತದೆ. ಹಾರ್ನ್ ಉದ್ದವಾಗುತ್ತದೆ. ಸ್ಟೇರಿಂಗ್ ಹಿಡಿದ ಬೆರಳಿನ ಗೆಣ್ಣು ಬಿಳಿಚಿಕೊಳ್ಳುತ್ತವೆ. ದವಡೆ ಬಿಗಿಯುತ್ತದೆ. ಗಾಜಿನ ಜೊತೆ ಮಾತು ಶುರುವಾಗುತ್ತದೆ. ಮುಂದಿನ ಗಾಡಿಯ ಹಿಂಬದಿಯ ಬರಹ ಓದುವಷ್ಟು ಹತ್ತಿರ ಬರುತ್ತದೆ. ಇದರಲ್ಲಿ ಎರಡು ಕಂಡರೆ ಕ್ಲೀನರ್ "ಅಣ್ಣಾ, ಟೀ ಕುಡಿಯಾಣ" ಅನ್ನಬೇಕು. ಆ ಮಾತು ಬಂದರೆ ಡ್ರೈವರ್ ಯಾಕೆ ಎಂದು ಕೇಳದೆ ಮುಂದಿನ ಡಾಬಾದಲ್ಲಿ ಗಾಡಿ ಹಾಕಬೇಕು. ಒಪ್ಪಂದ ಇಷ್ಟೇ. "ಸಮಾಧಾನ ಮಾಡ್ಕೊಳ್ಳಿ ಅಣ್ಣಾ" ಅಂದರೆ ಯಾವ ಡ್ರೈವರೂ ಸಮಾಧಾನವಾದದ್ದಿಲ್ಲ. ಟೀ ಅಂದರೆ ನಿಲ್ಲಿಸುತ್ತಾರೆ.

ದಾವಣಗೆರೆ, ಹರಿಹರ, ರಾಣೆಬೆನ್ನೂರು. ಊರಿಗೊಂದು ಸರ್ವೀಸ್ ರೋಡು, ಅದರಿಂದ ತಟ್ಟನೆ ಎದುರು ದಿಕ್ಕಿನಲ್ಲಿ ನುಗ್ಗುವ ಬೈಕು. ಡಿವೈಡರಿನ ಕಿಂಡಿಯಲ್ಲಿ ದಾಟುವ ಜನ, ಕುರಿಮಂದೆ, ಕಬ್ಬಿನ ಕಾಲದಲ್ಲಿ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರು. ಇವರೆಲ್ಲ ನಿಯಮ ಮುರಿಯುತ್ತಿದ್ದಾರೆ ನಿಜ. ಹಾರ್ನ್ ಒತ್ತಿ ಹೆದರಿಸಿದರೆ ಬೈಕಿನವನು ಗಾಬರಿಯಾಗಿ ಯಾವ ಕಡೆ ತಿರುಗುತ್ತಾನೆ ಎಂಬುದು ಮಾತ್ರ ಗೊತ್ತಿಲ್ಲ. ಗಂಟೆಗೆ 60ರಲ್ಲಿ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, 25 ಮೀಟರ್ ಮುಗಿದಿರುತ್ತದೆ. ಏರ್ ಬ್ರೇಕ್ ಹಿಡಿಯುವುದಕ್ಕೂ ಅರೆಕ್ಷಣ ಬೇಕು. ಅದಕ್ಕೇ ಮುಂದಿನ ಗಾಡಿ ದಾಟಿದ ಕಂಬವನ್ನು ನಾವು ದಾಟಲು ನಾಲ್ಕು ಸೆಕೆಂಡ್ ಬೇಕು ಎಂಬ ಲೆಕ್ಕ ಇಟ್ಟುಕೊಳ್ಳಬೇಕು. ನಾಲ್ಕು ಸೆಕೆಂಡ್ ಅಂದರೆ 60ರಲ್ಲಿ ಸುಮಾರು 67 ಮೀಟರ್. ಆ ಜಾಗಕ್ಕೆ ಕಾರು ನುಗ್ಗುತ್ತದೆ, ನುಗ್ಗಲಿ. ಕಾಲು ಸಡಿಲಿಸಿ ಮತ್ತೆ ನಾಲ್ಕು ಸೆಕೆಂಡ್ ಮಾಡಿಕೊಳ್ಳಬೇಕು. ದಿನಕ್ಕೆ ನೂರು ಕಾರು ಹೀಗೆ ನುಗ್ಗಿ, ಒಂದೊಂದಕ್ಕೂ ಎರಡೆರಡು ಸೆಕೆಂಡ್ ಹಿಂದೆ ಬಿದ್ದರೂ ಒಟ್ಟು ನಷ್ಟ ಮೂರೂವರೆ ನಿಮಿಷ ದಾಟುವುದಿಲ್ಲ.

ಸಿಟ್ಟು ಆಗಲೇ ಏರಿಬಿಟ್ಟಿದ್ದರೆ, ತಕ್ಷಣ ನಿಲ್ಲಿಸಲು ಜಾಗವೂ ಇಲ್ಲದಿದ್ದರೆ, ಉಸಿರು ಕೈಯಲ್ಲಿರುತ್ತದೆ. ನಾಲ್ಕು ಎಣಿಸುತ್ತ ಮೂಗಿನಿಂದ ಎಳೆದುಕೊಂಡು ಆರು ಎಣಿಸುತ್ತ ಬಾಯಿಂದ ಬಿಡುವುದು, ಹೀಗೆ ಹತ್ತು ಸಲ. ಎರಡು ನಿಮಿಷದೊಳಗೆ ಮುಗಿಯುತ್ತದೆ. ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿರಬೇಕು, ಎದೆಬಡಿತ ಇಳಿಯುವುದು ಅದರಿಂದಲೇ. ಕಣ್ಣು ರಸ್ತೆಯ ಮೇಲೇ ಇರಲಿ, ಉಸಿರು ಕಟ್ಟಿ ಹಿಡಿಯುವ ಯೋಗದ ಪಟ್ಟುಗಳು ಡ್ರೈವಿಂಗಿನಲ್ಲಿ ಬೇಡ. ಜೊತೆಗೆ ಸ್ಟೇರಿಂಗಿನ ಹಿಡಿತ ಸಡಿಲ ಮಾಡಿ, ಹೆಗಲು ಕೆಳಗಿಳಿಸಿ, ಗಂಟೆಗೆ ಐದು ಕಿ.ಮೀ. ವೇಗ ಕಡಿಮೆ ಮಾಡುವುದು. ಒಮ್ಮೆ ಏರಿದ ರಕ್ತ ಪೂರ್ತಿ ಇಳಿಯಲು ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಓವರ್‌ಟೇಕ್ ಬೇಡ, ಫೋನಂತೂ ಬೇಡವೇ ಬೇಡ.

ಊಟ ಹಾವೇರಿ ಹತ್ತಿರ, ಮಧ್ಯಾಹ್ನ 12ಕ್ಕೆ. ಎರಡು ಜೋಳದ ರೊಟ್ಟಿ, ಪಲ್ಯ, ಮೊಸರು, ಸ್ವಲ್ಪ ಅನ್ನ. ಅನ್ನವನ್ನೇ ತುಂಬಿಕೊಂಡರೆ 2ಕ್ಕೆ ಕಣ್ಣು ಎಳೆಯುತ್ತದೆ. ನೀರಿನ ಮಾತು ಹೇಳಲೇಬೇಕು. ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆ ಎಂದು ನೀರೇ ಕುಡಿಯದ ಡ್ರೈವರುಗಳು ಬಹಳ. ಹಳೆಯ ಕ್ಯಾಬಿನ್ನಿನಲ್ಲಿ ಇಂಜಿನ್ ಬಿಸಿ ಕಾಲಡಿಯಿಂದ, ಬಿಸಿಲು ತಗಡಿನ ಮೇಲಿಂದ. ಬೇಸಿಗೆಯಲ್ಲಿ ದಿನಕ್ಕೆ ಮೂರ್ನಾಲ್ಕು ಲೀಟರ್ ಹೋಗದಿದ್ದರೆ ತಲೆನೋವು, ಮೂಲವ್ಯಾಧಿ, ಮೂಗಿನ ತುದಿಯ ಸಿಟ್ಟು ಮೂರೂ ಒಟ್ಟಿಗೆ ಬರುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಅದಕ್ಕೂ ಮೊದಲಿನ ಗಾಡಿಗಳೇ ರಸ್ತೆಯಲ್ಲಿ ಇನ್ನೂ ಬಹುಕಾಲ ಓಡುತ್ತವೆ. ಅವುಗಳಿಗೆ ಚಾವಣಿಯ ಒಳಗೆ ಥರ್ಮೋಕೋಲ್ ಹಾಳೆ, ಇಂಜಿನ್ ಮೇಲೆ ದಪ್ಪ ಮ್ಯಾಟು, ಒಂದು 24 ವೋಲ್ಟಿನ ಫ್ಯಾನು ಹಾಕಿಸಬೇಕು. ಓನರ್ ಕೊಡದಿದ್ದರೆ ಕೈಯಿಂದ ಹಾಕಿಸಿಕೊಂಡರೂ ನಷ್ಟವಿಲ್ಲ.

ಮನೆಗೆ ಫೋನ್ ಮಾಡುವುದಿದ್ದರೆ ಅದು ಊಟಕ್ಕೆ ಮುಂಚೆ. ಶಾಲೆ ಫೀಸು, ಸಾಲದ ಕಂತು, ಅಮ್ಮನ ಔಷಧಿ. ಇಂಥ ಸುದ್ದಿ ಕೇಳಿದ ಮೇಲೆ ಊಟ, ಅರ್ಧ ತಾಸಿನ ಒರಗು ಇರಬೇಕು. ಕೇಳಿದ ಕೂಡಲೇ ಸ್ಟೇರಿಂಗ್ ಹಿಡಿದರೆ ಆ ಸಂಕಟವೆಲ್ಲ ಎದುರಿನ ಆಟೊದವನ ಮೇಲೆ ತಿರುಗುತ್ತದೆ. ರಾತ್ರಿ ಮಲಗುವ ಮುಂಚಿನ ಕರೆ ನಿದ್ದೆ ಕೆಡಿಸುತ್ತದೆ. ಓನರ್ರದ್ದು ಬೇರೆ ಸಮಸ್ಯೆ. ಗಾಡಿಯಲ್ಲಿ ಜಿಪಿಎಸ್ ಇದ್ದರೂ ತಾಸಿಗೊಮ್ಮೆ "ಏನಪ್ಪಾ, ಎಲ್ಲಿದ್ದೀಯಾ? ಯಾಕೆ ನಿಂತಿದ್ದೀಯಾ?" ಎಂಬ ಪ್ರಶ್ನೆ. ಟ್ರಿಪ್ ಶುರುವಾಗುವ ಮುಂಚೆಯೇ ಮಾತಾಡಿಕೊಳ್ಳಬೇಕು: ದಿನಕ್ಕೆ ಎರಡು ಮೆಸೇಜು, ಬೆಳಿಗ್ಗೆ ಹೊರಟಾಗ ಒಂದು, ರಾತ್ರಿ ನಿಂತಾಗ ಒಂದು, ಮುಂದಿನ ಹಾಲ್ಟ್ ಎಲ್ಲಿ ಎಂಬುದೂ ಸೇರಿ. ಕೇಳುವ ಮುಂಚೆ ಹೇಳಿದವನಿಗೆ ಕರೆ ಕಡಿಮೆ ಬರುತ್ತವೆ. ಬಂದ ಕರೆಯನ್ನು ಕ್ಲೀನರ್ ತೆಗೆದು "ಗಾಡಿ ಓಡ್ತಿದೆ ಸಾರ್, ನಿಂತ ಮೇಲೆ ಮಾಡಿಸ್ತೀನಿ" ಅನ್ನಲಿ.

ಬಂಕಾಪುರ ಟೋಲ್ ದಾಟಿ ಹುಬ್ಬಳ್ಳಿ–ಧಾರವಾಡ ಬೈಪಾಸ್. ಸುಮಾರು 30 ಕಿ.ಮೀ.ನ ಈ ತುಂಡು ನಾಲ್ಕು ಪಥದ ಹೆದ್ದಾರಿಯ ನಡುವೆ ಎರಡೇ ಪಥದ್ದಾಗಿ ಉಳಿದು ವರ್ಷಗಟ್ಟಲೆ ಜೀವ ತಿಂದಿದೆ, ಅಗಲ ಮಾಡುವ ಕೆಲಸ ಎಷ್ಟೋ ತಡವಾಗಿ ಶುರುವಾಯಿತು. ದಿನವಿಡೀ 60–70ರಲ್ಲಿ ಬಂದವನಿಗೆ ಇಲ್ಲಿ ಏಕಾಏಕಿ 30ರಲ್ಲಿ ತೆವಳುವುದು ಅಸಹ್ಯ. ಎದುರು ಬಸ್ಸು ಡಿಪ್ಪರ್ ಕೊಡದೆ, ಅಂದರೆ ಲೈಟು ತಗ್ಗಿಸದೆ, ಅಪ್ಪರಿನಲ್ಲೇ ಕಣ್ಣಿಗೆ ಹೊಡೆಯುತ್ತದೆ. ನಾವೂ ಅಪ್ಪರ್ ಹಾಕಿ ಪಾಠ ಕಲಿಸೋಣ ಅನ್ನಿಸಿದರೆ, ಕುರುಡಾಗುವುದು ನಮ್ಮ ಕಡೆಗೇ ಬರುತ್ತಿರುವ ಬಸ್ಸಿನ ಡ್ರೈವರು! ಕಣ್ಣನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ, ವೇಗ ತಗ್ಗಿಸಿ ಹೋಗುವುದೊಂದೇ ದಾರಿ. ಈ ತುಂಡಿಗೆ ಮುಕ್ಕಾಲು ತಾಸು ಎಂದು ಮೊದಲೇ ಲೆಕ್ಕ ಹಾಕಿ ಬಂದವನಿಗೆ ತಡವಾಯಿತು ಅನ್ನಿಸುವುದಿಲ್ಲ.

ಯಾವುದಾದರೂ ಕಾರಿನವನು ಅಡ್ಡಹಾಕಿ ಇಳಿದು ಬಂದರೆ ಡ್ರೈವರ್ ಇಳಿಯಬಾರದು. ಬಾಗಿಲು ಲಾಕ್, ಗಾಜು ಮೇಲೆ, ಕೈ ಕಾಣುವ ಹಾಗೆ ಸ್ಟೇರಿಂಗ್ ಮೇಲೆ, ಕ್ಲೀನರ್ 112ಕ್ಕೆ ಕರೆ. ಜಾಕ್ ರಾಡು ಕೈಗೆ ಬಂದ ಕ್ಷಣ ಯಾರ ತಪ್ಪು ಎಂಬ ಪ್ರಶ್ನೆ ಮುಗಿಯಿತು, ಠಾಣೆಯಲ್ಲಿ ರಾಡು ಹಿಡಿದವನೇ ಅಪರಾಧಿ. ನಾಲ್ಕೈದು ಸಾವಿರದ ಡ್ಯಾಶ್‌ಕ್ಯಾಮ್ ಇದ್ದರೆ ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಅಪಘಾತವೇ ಆಗಿಬಿಟ್ಟರೆ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು, ಪೊಲೀಸರಿಗೆ ತಿಳಿಸಲು ಹೇಳುತ್ತದೆ. ಗುಂಪಿನ ಆಕ್ರೋಶದಿಂದ ನಿಲ್ಲಲಾಗದ ಸ್ಥಿತಿಯನ್ನೂ ಅದೇ ಕಲಮು ಒಪ್ಪುತ್ತದೆ. ಹಾಗಾದಾಗ ಹತ್ತಿರದ ಠಾಣೆಗೆ ನೇರವಾಗಿ ಹೋಗಿ ಹೇಳಬೇಕು. 2024ರ ಜನವರಿಯಲ್ಲಿ ದೇಶದ ಡ್ರೈವರುಗಳು ಮುಷ್ಕರ ಹೂಡಿದ್ದು ಗುದ್ದಿ ಓಡಿದವನಿಗೆ 10 ವರ್ಷದವರೆಗೆ ಜೈಲು ಎನ್ನುವ ಹೊಸ ನಿಯಮದ ಭಯಕ್ಕೆ. ಅದೇ ವರ್ಷ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಡ್ರೈವರಿನ ಅಬ್ಬರದ ಕೆಳಗೆ ಎಷ್ಟೋ ಸಲ ಇರುವುದು ಈ ಭಯವೇ.

ಕಿತ್ತೂರಿನ ಆಸುಪಾಸು ರಾತ್ರಿ ಹಾಲ್ಟ್.

ಮೂರನೆಯ ದಿನ: ಕಿತ್ತೂರು – ಶಿರವಳ, 335 ಕಿ.ಮೀ.

ಬೆಳಗಾವಿ, ಹತ್ತರಗಿ, ನಿಪ್ಪಾಣಿ, ಕೊಗನೋಳಿ ಟೋಲು, ಆಮೇಲೆ ಕಾಗಲ್. ಮಹಾರಾಷ್ಟ್ರ ಶುರು. ಟೋಲಿನಲ್ಲಿ ಸಿಟ್ಟಿಗೆ ಕಾರಣ ಸಾಮಾನ್ಯವಾಗಿ ಒಂದೇ: ಫಾಸ್ಟ್ಯಾಗ್ ಓದುವುದಿಲ್ಲ, ಅಥವಾ ಬ್ಯಾಲೆನ್ಸ್ ಮುಗಿದಿದೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ, ಇಲ್ಲದೆ ನಗದು ಕೊಟ್ಟರೆ ದುಪ್ಪಟ್ಟು. ಗೇಟಿನ ಮುಂದೆ ನಿಂತು ಓನರಿಗೆ ಫೋನ್ ಮಾಡಿ ರೀಚಾರ್ಜ್ ಮಾಡಿಸಿದರೆ ಅದು ತಕ್ಷಣ ಹತ್ತುತ್ತದೆ ಎಂಬ ಭರವಸೆಯಿಲ್ಲ. ಹಿಂದೆ ಇಪ್ಪತ್ತು ಗಾಡಿ ಹಾರ್ನ್ ಹೊಡೆಯುತ್ತವೆ, ಬೂತಿನ ಹುಡುಗನ ಮೇಲೆ ಎಲ್ಲರ ಕೋಪ. ಹೋಗುವ ದಾರಿಯ ಪೂರ್ತಿ ಟೋಲಿನ ಮೊತ್ತ ಹೊರಡುವ ದಿನವೇ ಟ್ಯಾಗಿನಲ್ಲಿರಬೇಕು, ರಾತ್ರಿ ಹಾಲ್ಟಿನಲ್ಲಿ ಬ್ಯಾಲೆನ್ಸ್ ನೋಡಬೇಕು. ಗಾಜಿನ ಮೇಲೆ ಟ್ಯಾಗ್ ಅರ್ಧ ಎದ್ದಿದ್ದರೆ ಹೊಸದು ಹಾಕಿಸಬೇಕು. ಹೆಚ್ಚು ಹಣ ಕಡಿತವಾದರೆ 1033ಕ್ಕೆ ದೂರು. ಬೂತಿನಲ್ಲಿ ವಾದ ಮಾಡಿ ವಾಪಸ್ ಪಡೆದವರು ಕಡಿಮೆ.

ತಪಾಸಣೆಗೆ ನಿಲ್ಲಿಸಿದರೆ ಒಂದೇ ಫೈಲು ಕೊಡಬೇಕು: ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಹೊಗೆ ಸರ್ಟಿಫಿಕೇಟ್, ಡಿಎಲ್, ಇದೇ ಕ್ರಮದಲ್ಲಿ. ಸೀಟಿನಡಿ, ಡ್ಯಾಶ್‌ಬೋರ್ಡು ಎಂದು ಹುಡುಕುತ್ತ ಕೂತರೆ ಎರಡೂ ಕಡೆ ತಾಳ್ಮೆ ಸೋರುತ್ತದೆ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿರುವ ದಾಖಲೆಗೂ ಮಾನ್ಯತೆ ಇದೆ. ತಪ್ಪಿದೆ ಅಂದರೆ "ಚಲನ್ ಹಾಕಿ ಸಾರ್" ಅನ್ನುವುದು ಒಳ್ಳೆಯದು. ಇ-ಚಲನ್ ಸರಿಯಿಲ್ಲದಿದ್ದರೆ ಆಮೇಲೆ ಆನ್‌ಲೈನಿನಲ್ಲೋ ಕೋರ್ಟಿನಲ್ಲೋ ಪ್ರಶ್ನಿಸಬಹುದು, ರಸ್ತೆ ಬದಿಯಲ್ಲಿ ನಿಂತು ಗೆಲ್ಲಲು ಆಗುವುದಿಲ್ಲ. ಭಾಷೆ ಬರದಿದ್ದರೂ "ಭಾವೂ" ಎಂದು ಶುರು ಮಾಡಿದರೆ ಸಾತಾರಾ ಕಡೆಯ ಡಾಬಾದಲ್ಲಿ ಅರ್ಧ ಕೆಲಸ ಆಗುತ್ತದೆ. ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದರೆ ಅರ್ಥವಾಗುತ್ತದೆ ಎಂದುಕೊಂಡವರಿಗೆ ಊಟ ತಡವಾಗಿ ಬರುತ್ತದೆ.

ಕರಾಡ್ ಹತ್ತಿರ ಹಿಂದಿನ ಒಳಟೈರು ಪಂಚರ್ ಎಂದಿಟ್ಟುಕೊಳ್ಳಿ. ಸಿಟ್ಟು ಹೋಗುವುದು ನೇರ ಕ್ಲೀನರ್ ಮೇಲೆ, "ಬೆಳಿಗ್ಗೆ ಏನ್ ನೋಡ್ದೆ?" ಎಂದು. ಲೈನಿನಲ್ಲಿ ಅತಿ ಹೆಚ್ಚು ಬೈಗುಳ ತಿನ್ನುವವನು ಅವನೇ, ಏಕೆಂದರೆ ತಿರುಗಿ ಬೈಯಲಾರದವನು ಅವನೊಬ್ಬನೇ. ಬೈಸಿಕೊಂಡವನ ಕೈ ನಡುಗುತ್ತದೆ, ನಡುಗುವ ಕೈಯಿಂದ ಜಾಕ್ ಕೊಡಿಸಬಾರದು. ಮೊದಲು ತ್ರಿಕೋನದ ರಿಫ್ಲೆಕ್ಟರ್ 50 ಮೀಟರ್ ಹಿಂದೆ ಇಡಲಿ, ಡ್ರೈವರ್ ಮುಂದಿನ ಚಕ್ರಕ್ಕೆ ಮರದ ಅಡ್ಡೆ ಕೊಡಲಿ. ಆ ಐದು ನಿಮಿಷ ಇಬ್ಬರೂ ದೂರ ಇರುತ್ತಾರೆ. ನಟ್ಟುಗಳನ್ನು ಸುತ್ತಿನ ಕ್ರಮದಲ್ಲಲ್ಲ, ಎದುರುಬದುರಾಗಿ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಜಾಸ್ತಿ ತೋರಿಸಿದರೆ ಬಿಡಬಾರದು, ತಣ್ಣಗಾದಾಗ ಅದು ಕಡಿಮೆ ಬೀಳುತ್ತದೆ, ಮುಂದಿನ ಪಂಚರಿಗೆ ಅದೇ ಕಾರಣ. ಹೋಗುವಾಗ ಚಕ್ರಕ್ಕೆ ಇಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಚಾಳಿ ಈ ದೇಶದ ಲಾರಿಗಳಿಗಿದೆ. ರಾತ್ರಿ ಅದಕ್ಕೆ ಬಡಿದು ಸಾಯುವವನು ಬೈಕಿನವನು.

ಸಾತಾರಾ ಆದ ಮೇಲೆ ಖಂಬಾಟ್ಕಿ ಸುರಂಗ. ಪುಣೆ ಕಡೆ ಹೋಗುವವರಿಗೆ ಸುರಂಗ ಮುಗಿದೊಡನೆ ಇಳಿಜಾರಿನ ತಿರುವು, ಅಪಘಾತಕ್ಕೆ ಹೆಸರಾದದ್ದು. ಸುರಂಗದೊಳಗೇ ಗೇರ್ ಇಳಿಸಿಕೊಂಡಿರಬೇಕು. ಶಿರವಳದಲ್ಲಿ ನಿಲ್ಲುವುದು. ಪುಣೆಯನ್ನು ಸಂಜೆ ದಾಟುವ ಆಸೆ ಬೇಡ.

ನಾಲ್ಕನೆಯ ದಿನ: ಶಿರವಳ – ಕಳಂಬೋಲಿ – ಭಿವಂಡಿ, 210 ಕಿ.ಮೀ.

ಏಳು ತಾಸು ಮಲಗಿ ಬೆಳಿಗ್ಗೆ 5ಕ್ಕೆ ಹೊರಟರೆ ಹೊಸ ಕಾತ್ರಜ್ ಸುರಂಗ ಬೆಳಕು ಹರಿಯುವ ಹೊತ್ತಿಗೆ. ಸುರಂಗದಿಂದ ನವಲೆ ಸೇತುವೆವರೆಗೆ ಇಳಿಜಾರು. ಭಾರಿ ವಾಹನಗಳು ಹಿಡಿತ ತಪ್ಪಿ ಸಾಲುಗಾಡಿಗಳಿಗೆ ಗುದ್ದಿದ ಅಪಘಾತಗಳು ಇಲ್ಲಿ ಮತ್ತೆ ಮತ್ತೆ ಆಗಿವೆ. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಬಿಡುವುದು ಒಂದು ಕಾರಣ. ಇಂಜಿನ್ ಬಂದ್ ಮಾಡಿ ಇಳಿಸುವವರೂ ಇದ್ದಾರೆ, ಆಗ ಕಂಪ್ರೆಸರ್ ತಿರುಗುವುದಿಲ್ಲ, ನಾಲ್ಕು ಸಲ ಬ್ರೇಕ್ ಒತ್ತಿದರೆ ಗಾಳಿ ಖಾಲಿ, ಪವರ್ ಸ್ಟೇರಿಂಗೂ ಕಲ್ಲಾಗುತ್ತದೆ. ನ್ಯೂಟ್ರಲಿನಲ್ಲಿ ಇಡೀ 28 ಟನ್ ಬ್ರೇಕಿನ ಮೇಲೇ ಬೀಳುತ್ತದೆ. ಬ್ರೇಕಿನ ಡ್ರಮ್ ಕಾದು ಹಿಗ್ಗುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನರ್ ಜಾರುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ.

ಇಳಿಯುವ ಕ್ರಮ ಹಳೆಯದೇ. ಏರುವಾಗ ಯಾವ ಗೇರ್ ಬೇಕೋ ಅದರಲ್ಲೇ ಅಥವಾ ಒಂದು ಕೆಳಗೆ ಇಳಿಯಬೇಕು. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಹಾಕಿರಬೇಕು, ನಡುವೆ ಬದಲಿಸಲು ಹೋದರೆ ಗೇರ್ ಬೀಳದೆ ನ್ಯೂಟ್ರಲಿನಲ್ಲಿ ಸಿಕ್ಕಿಬೀಳುವ ಅಪಾಯ. ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಆನ್. ಕಾಲ್ಬ್ರೇಕನ್ನು ಸದಾ ಒತ್ತಿ ಹಿಡಿಯದೆ, ವೇಗ ಮೇಲೆ ಹೋದಾಗ ಗಟ್ಟಿಯಾಗಿ ಒತ್ತಿ, ಇಳಿದಾಗ ಪೂರ್ತಿ ಬಿಡಬೇಕು. ಗಾಳಿಯ ಮುಳ್ಳಿನ ಮೇಲೆ ಕಣ್ಣು. ಲೈನರ್ ಸುಟ್ಟ ವಾಸನೆ ಬಂದರೆ ಎಡಕ್ಕೆ ನಿಲ್ಲಿಸಿ, ಗೇರಿನಲ್ಲಿಟ್ಟು, ಅಡ್ಡೆ ಕೊಟ್ಟು ಅರ್ಧ ತಾಸಾದರೂ ತಣಿಯಲು ಬಿಡಬೇಕು. ನೀರು ಸುರಿದರೆ ಡ್ರಮ್ ಬಿರಿಯುತ್ತದೆ.

ಇದಕ್ಕೂ ಸಿಟ್ಟಿಗೂ ಏನು ಸಂಬಂಧ? ಎರಡನೆಯ ಗೇರಿನಲ್ಲಿ ಇಳಿಯುವ ಲಾರಿಯ ಹಿಂದೆ ಕಾರುಗಳು ಸಾಲುಗಟ್ಟುತ್ತವೆ. ಹಾರ್ನ್, ಲೈಟು, ಪಕ್ಕದಿಂದ ದಾಟುತ್ತ ಕೈ ಮಾಡಿ ಬೈಗುಳ. ಅಪಮಾನ ತಡೆಯಲಾರದೆ ಡ್ರೈವರ್ ಒಂದು ಗೇರ್ ಮೇಲೆ ಹಾಕುತ್ತಾನೆ. ಅಷ್ಟೇ ಸಾಕು. ಹಿಂದಿನವನ ಹಾರ್ನಿಗೆ ನಮ್ಮ ಡ್ರಮ್ಮಿನ ಬಿಸಿ ಗೊತ್ತಿಲ್ಲ. ಎಡ ಲೇನು, ಹಜಾರ್ಡ್ ಲೈಟು, ಎಡಗನ್ನಡಿಯಲ್ಲಿ ಒಂದು ಕಣ್ಣು, ಬಲಗನ್ನಡಿಯಲ್ಲಿ ಕಾಣುವ ಮುಖಗಳನ್ನು ನೋಡದಿರುವುದು. ಲೋಣಾವಳ ದಾಟಿ ಬೋರ್ ಘಾಟಿನಲ್ಲಿ ಇದೇ ಪಾಠ ಇನ್ನೂ ಉದ್ದವಾಗಿ ನಡೆಯುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ಇರುವುದರಿಂದ ಲೇನ್ ತಪ್ಪಿಸಿದರೆ ಚಲನ್ ಮೊಬೈಲಿಗೇ ಬರುತ್ತದೆ. ಘಾಟಿನಲ್ಲಿ ಜಾಮ್ ಆದರೆ ತಾಸುಗಟ್ಟಲೆ. ಎರಡು ಲೀಟರ್ ನೀರು, ಚುರುಮುರಿ, ಬಾಳೆಹಣ್ಣು ಕ್ಯಾಬಿನ್ನಿನಲ್ಲಿ ಇರಬೇಕು.

ಕಳಂಬೋಲಿಗೆ ಹನ್ನೊಂದರ ಹೊತ್ತಿಗೆ. ಇಲ್ಲಿಂದ ಶಿಲ್‌ಫಾಟಾ, ಮುಂಬ್ರಾ ಬೈಪಾಸ್, ಮಾಣ್‌ಕೋಲಿ, ಭಿವಂಡಿ. ನಕಾಶೆಯಲ್ಲಿ ನಲವತ್ತು ಚಿಲ್ಲರೆ ಕಿ.ಮೀ. ಠಾಣೆ ಭಾಗದಲ್ಲಿ ಭಾರಿ ವಾಹನಗಳಿಗೆ ದಟ್ಟಣೆ ಹೊತ್ತಿನಲ್ಲಿ ನಿಷೇಧವಿದ್ದು ಸಮಯ ಆಗಾಗ ಬದಲಾಗುತ್ತದೆ. ಹೋಗುವ ಮುಂಚೆ ಅದೇ ದಿನ ಬಂದ ಡ್ರೈವರನ್ನು ಕೇಳಬೇಕು. ಹೊತ್ತು ಮೀರಿ ನುಗ್ಗಿದವನು ದಂಡವನ್ನೂ ಕಟ್ಟುತ್ತಾನೆ, ರಸ್ತೆ ಬದಿ ಬಿಸಿಲಲ್ಲೂ ನಿಲ್ಲುತ್ತಾನೆ. ಕಳಂಬೋಲಿಯಲ್ಲೇ ಸ್ನಾನ, ಬಟ್ಟೆ, ಊಟ, ಐದು ತಾಸು ನಿದ್ದೆ ಮುಗಿಸಿ, ರಾತ್ರಿ ಬಿಟ್ಟಾಗ ಹೋಗುವುದು ಜಾಣತನ. ಸ್ನಾನದ ಗುಣವನ್ನು ಇನ್ನೂ ಯಾವ ಟ್ರಾನ್ಸ್‌ಪೋರ್ಟ್ ಆಫೀಸೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಐದನೆಯ ದಿನ: ಭಿವಂಡಿ

ಗೇಟಿನಲ್ಲಿ ಮತ್ತೆ ಅದೇ ಕೆಲಸ: ರಿಜಿಸ್ಟರಿನ ಸಮಯದ ಫೋಟೊ. ಸೀಲನ್ನು ಅವರ ಎದುರೇ ಒಡೆಸಬೇಕು, ನಂಬರ್ ಓದಿಸಿ ಫೋಟೊ ತೆಗೆಯಬೇಕು. ಹಮಾಲಿಯನ್ನು, ಅಂದರೆ ಸರಕು ಇಳಿಸುವ ಕೂಲಿಯನ್ನು, ಇಲ್ಲಿ ವಾರಾಯಿ ಅನ್ನುತ್ತಾರೆ. ಅದನ್ನು ಯಾರು ಕೊಡಬೇಕು ಎಂಬುದು ದಾಬಸ್‌ಪೇಟೆಯಲ್ಲೇ ತೀರ್ಮಾನವಾಗಿ ಎಲ್‌ಆರ್ ಮೇಲೆ ಬರೆದಿರಬೇಕು. ಬರೆದಿಲ್ಲದಿದ್ದರೆ ಡ್ರೈವರಿನ ದಿನಖರ್ಚಿನ ಬತ್ತಾದಿಂದಲೇ ಹೋಗುತ್ತದೆ, ಈ ಟ್ರಿಪ್ಪಿನ ದೊಡ್ಡ ಜಗಳವೂ ಅದೇ ಆಗುತ್ತದೆ. ಎರಡು ಡಬ್ಬ ಕಡಿಮೆ ಎಂದರೆ ಕೂಗಾಡುವ ಬದಲು ಮರು ಎಣಿಕೆ ಕೇಳಬೇಕು, ಲೋಡಿಂಗ್ ದಿನದ ಫೋಟೊ ತೋರಿಸಬೇಕು. ಆದರೂ ಒಪ್ಪದಿದ್ದರೆ ಪಿಒಡಿ (ಸರಕು ತಲುಪಿದ ರಸೀದಿ) ಮೇಲೆ "ಸೀಲ್ ಸರಿಯಿತ್ತು, ಶಾರ್ಟೇಜ್ 2 ಎಂದು ಪಾರ್ಟಿಯ ಹೇಳಿಕೆ" ಎಂದು ಬರೆಸಿ ಸಹಿ, ಸಮಯ, ಮೊಹರು ತೆಗೆದುಕೊಂಡು ಬಂದರೆ ಡ್ರೈವರಿನ ಕೆಲಸ ಮುಗಿಯಿತು. ಮಿಕ್ಕದ್ದು ಆಫೀಸಿನವರ ಪಾಡು. ಖಾಲಿ ಕಾಗದಕ್ಕೆ ಸಹಿ ಹಾಕಿ ಬರಬಾರದು.

ಸಿಟ್ಟು ಟ್ರಿಪ್ಪಿನಲ್ಲಿ ಮುಗಿಯದೆ ಮನೆಗೂ ಹೋಗುತ್ತಿದ್ದರೆ, ಮಕ್ಕಳು ಗಾಡಿಯ ಸದ್ದಿಗೆ ಒಳಗೆ ಓಡುತ್ತಿದ್ದರೆ, ವಾರಗಟ್ಟಲೆ ನಿದ್ದೆ ಬಾರದೆ ಎಲ್ಲದಕ್ಕೂ ಕೈ ಎತ್ತುವಂತಾಗಿದ್ದರೆ ಅದು ಉಸಿರಾಟದಲ್ಲಿ ಸರಿಹೋಗುವಂಥದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಭಿವಂಡಿಯಲ್ಲಿ ರಿಟರ್ನ್ ಲೋಡಿಗೆ ಕಾಯುವಾಗ ಕರೆ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಸಂಜೆ ಬ್ರೋಕರ್ ಫೋನ್. "ಪೀಣ್ಯಕ್ಕೆ ಲೋಡಿದೆ, ರಾತ್ರಿ 9ಕ್ಕೆ ಹೊರಟರೆ ನಾಡಿದ್ದು ಬೆಳಿಗ್ಗೆ ತಲುಪಬೇಕು." ಇಲ್ಲಿ ಕಾಗದ, ಪೆನ್ನು ತೆಗೆಯಬೇಕು. ಸುಮಾರು 980 ಕಿ.ಮೀ., ಸರಾಸರಿ 45. ಬರೀ ಓಡುವುದಕ್ಕೇ 22 ತಾಸು. ದಿನಕ್ಕೆ 8 ತಾಸಿನ ಲೆಕ್ಕದಲ್ಲಿ ಮೂರು ದಿನ. ಬ್ರೋಕರ್ ಕೊಟ್ಟಿರುವುದು 34 ತಾಸು, ಅದರಲ್ಲಿ ನಿದ್ದೆ, ಊಟ, ಘಾಟಿನ ಜಾಮು ಎಲ್ಲ ಸೇರಬೇಕು. ಒಬ್ಬನೇ ಡ್ರೈವರ್. ಆಗುವುದಿಲ್ಲ ಎಂದು ಬ್ರೋಕರಿಗೆ ಈಗಲೇ ಹೇಳಿ, ಮೂರನೆಯ ದಿನ ಸಂಜೆಯ ಡೆಲಿವರಿಗೆ ಒಪ್ಪುತ್ತಾರೆಯೇ ಕೇಳಬೇಕು. ಒಪ್ಪದಿದ್ದರೆ ಇನ್ನೊಂದು ಲೋಡಿಗೆ ಕಾಯಬೇಕು. ಅಷ್ಟರಲ್ಲಿ ಟೈರಿನ ನಟ್ಟು ನೋಡಬೇಕು, ಫಾಸ್ಟ್ಯಾಗ್ ತುಂಬಿಸಬೇಕು, ಕ್ಲೀನರಿಗೆ ಅವನ ಬತ್ತಾ ಎಣಿಸಿ ಕೊಡಬೇಕು.